ಶಾಲೆಯ ಲೆಕ್ಕದ ಹಾಳೆಯೂ ನಮ್ಮ ಸಂಸಾರವೂ

(ಗ್ರಾಮೀಣ ದಂಪತಿಗಳಿಗಾಗಿ ವೈದ್ಯಾಧಿಕಾರಿಯ ಭಾಷಣ)



ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಸಾರ ನಡೆಸುತ್ತಿರುವ ನಿಮ್ಮನ್ನು ಉದ್ದೇಶಿಸಿ ನಾಲ್ಕು ಮಾತು ಹೇಳುವುದು ನನ್ನ ಪಾಲಿಗೆ ಬಂದ ಕರ್ತವ್ಯವಾಗಿದೆ. ಕುಟುಂಬ ಕಲ್ಯಾಣದ ಮಾತೆಂದೊಡನೆ ಗೋಡೆಯ ಮೇಲಿನ ಕೆಂಪು ತ್ರಿಕೋನ ನೆನಪಾಗಿ, "ಡಾಕ್ಟರು ಮತ್ತೆ ಆಪರೇಷನ್ನಿನ ಸುದ್ದಿ ತೆಗೆದರು" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆ ಸುದ್ದಿಯೂ ಬರುತ್ತದೆ, ಆದರೆ ಕೊನೆಯಲ್ಲಿ. ಮೊದಲು ನಿಮ್ಮ ಮಕ್ಕಳ ಶಾಲೆಯ ಒಂದು ಪಾಠದಿಂದ ಪ್ರಾರಂಭಿಸುತ್ತೇನೆ.

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಜನಸಂಖ್ಯೆಯ ಪಾಠವುಂಟು. ಗಣಕಯಂತ್ರವಿರುವ ಶಾಲೆಗಳಲ್ಲಿ ಆ ಪಾಠವನ್ನು ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆಯ ಮೂಲಕ ಕಲಿಸಬಹುದು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಅಡಿಕೆ ಮಂಡಿಯ ಗುಮಾಸ್ತರು ಅಡ್ಡಗೆರೆ, ಉದ್ದಗೆರೆ ಎಳೆದು ಬರೆಯುತ್ತಿದ್ದ ಖಾತೆಯ ಪುಟವನ್ನು ನೆನೆಯಿರಿ. ಚೆನ್ನೆಮಣೆಗೆ ಮನೆಗಳಿರುವಂತೆ ಈ ಹಾಳೆಗೂ ಸಾಲು ಸಾಲಾಗಿ ಮನೆಗಳಿರುತ್ತವೆ. ಒಂದೊಂದು ಮನೆಯಲ್ಲಿ ಒಂದೊಂದು ಸಂಖ್ಯೆ. ವಿಶೇಷವೆಂದರೆ, ಒಂದು ಮನೆಗೆ "ನಿನ್ನ ಮೇಲಿನ ಮನೆಯಲ್ಲಿರುವ ಸಂಖ್ಯೆಯನ್ನು ಇಷ್ಟರಿಂದ ಗುಣಿಸಿಕೋ" ಎಂದು ಸೂತ್ರವನ್ನು ಬರೆದಿಡಬಹುದು. ಅದನ್ನೇ ಕೆಳಗಿನ ಮನೆಗಳಿಗೂ ಎಳೆದರೆ ನೂರು ವರ್ಷಗಳ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡುತ್ತದೆ. ಮೇಲಿನ ಒಂದು ಸಂಖ್ಯೆಯನ್ನು ಬದಲಿಸಿದರೆ ಕೆಳಗಿನವೆಲ್ಲ ತಾವಾಗಿಯೇ ಬದಲಾಗುತ್ತವೆ. 1979ರಲ್ಲಿ ಅಮೆರಿಕದಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಉಪಾಯವು ಇಂದು ಎಕ್ಸೆಲ್, ಕ್ಯಾಲ್ಕ್ ಮುಂತಾದ ಹೆಸರುಗಳಲ್ಲಿ ನಿಮ್ಮ ಮಗನ ಮೊಬೈಲಿನಲ್ಲಿಯೂ ಇರಬಹುದು. ಗಣಕಯಂತ್ರವಿಲ್ಲದಿದ್ದರೆ ಚೌಕುಳಿ ಪುಸ್ತಕವೂ ಒಂದು ಪೆನ್ಸಿಲ್ಲೂ ಸಾಕು; ತುಸು ಹೊತ್ತು ಹಿಡಿಯುತ್ತದೆ, ಅಷ್ಟೆ.

ಈಗ ಆ ಹಾಳೆಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ಬರೆಯೋಣ. ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಹೀಗಿದೆ:

1951 — 4 ಲಕ್ಷ 18 ಸಾವಿರ
1961 — 5 ಲಕ್ಷ 97 ಸಾವಿರ
1971 — 7 ಲಕ್ಷ 37 ಸಾವಿರ
1981 — 9 ಲಕ್ಷ 12 ಸಾವಿರ
1991 — 10 ಲಕ್ಷ 17 ಸಾವಿರ
2001 — 11 ಲಕ್ಷ 41 ಸಾವಿರ
2011 — 11 ಲಕ್ಷ 38 ಸಾವಿರ

ಮೊದಲ ಎರಡು ಸಾಲುಗಳನ್ನು ಮಾತ್ರ ನೋಡಿದ ವಿದ್ಯಾರ್ಥಿಯೊಬ್ಬನು, ಹತ್ತು ವರ್ಷದಲ್ಲಿ ನೂರಕ್ಕೆ 43ರಷ್ಟು ಜನ ಹೆಚ್ಚಿದರೆಂದು ಕಂಡು, ಅದೇ ಸೂತ್ರವನ್ನು ಕೆಳಗಿನವರೆಗೂ ಎಳೆದನೆಂದು ಇಟ್ಟುಕೊಳ್ಳಿ. ಆಗ 1981ರಲ್ಲಿ 12 ಲಕ್ಷ, 2001ರಲ್ಲಿ 25 ಲಕ್ಷ, 2011ರಲ್ಲಿ 36 ಲಕ್ಷದ ಸಮೀಪ ಎಂದು ಹಾಳೆ ತೋರಿಸುತ್ತದೆ. ಚಕ್ರಬಡ್ಡಿಯ ಸ್ವಭಾವವೇ ಅದು; ಸಾಲ ಮಾಡಿ ಕೊಳೆರೋಗದ ವರ್ಷವನ್ನು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಿಜವಾಗಿ ಎಣಿಸಿದಾಗ ಸಿಕ್ಕಿದ್ದು 11 ಲಕ್ಷ 38 ಸಾವಿರ. ಅಷ್ಟೇ ಅಲ್ಲ, 2001ಕ್ಕಿಂತ ಸುಮಾರು 3 ಸಾವಿರ ಕಡಿಮೆ. ಆ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷದಿಂದ 6 ಕೋಟಿ 11 ಲಕ್ಷಕ್ಕೆ ಏರಿತು. ಕರ್ನಾಟಕದಲ್ಲಿ ಇಳಿದ ಜಿಲ್ಲೆ ನಮ್ಮದೊಂದೇ.

ಹಾಗಾದರೆ ಹಾಳೆ ಸುಳ್ಳು ಹೇಳಿತೇ? ಇಲ್ಲ. ನಾವು ಕೊಟ್ಟ ಸೂತ್ರವನ್ನು ಅದು ತಪ್ಪದೆ ಪಾಲಿಸಿತು. ಮನುಷ್ಯರು ಸೂತ್ರದಂತೆ ನಡೆಯಲಿಲ್ಲ. ಜಾಣ ಉಪಾಧ್ಯಾಯರು ಪಾಠವನ್ನು ಇಲ್ಲಿಂದಲೇ ಪ್ರಾರಂಭಿಸುತ್ತಾರೆ.

ಒಂದೇ ಕಾಲಮ್ಮನ್ನು ಅಳಿಸಿ ನಾಲ್ಕು ಕಾಲಮ್ಮುಗಳನ್ನು ಹಾಕಬೇಕು: ಹುಟ್ಟಿದವರು, ತೀರಿಕೊಂಡವರು, ಹೊರಗಿನಿಂದ ಬಂದು ನೆಲೆಸಿದವರು, ಊರು ಬಿಟ್ಟು ಹೋದವರು. ಹೀಗೆ ಬಿಡಿಸಿ ನೋಡಿದಾಗ ಮಲೆನಾಡಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ನಿಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಸೀಮೆಯನ್ನು ಆಳುತ್ತಿದ್ದುದು ಮಲೇರಿಯಾ ಜ್ವರ. ಹೆತ್ತ ಮಕ್ಕಳಲ್ಲಿ ಎಷ್ಟು ಉಳಿದಾವೆಂಬ ಅಳುಕಿನಿಂದಲೇ ಹೆರುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಡಿ.ಡಿ.ಟಿ. ಸಿಂಪಡಣೆ ಬಂದಿತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, ತೀರಿಕೊಂಡವರ ಕಾಲಮ್ಮು ಇಳಿಯಿತು. ಹುಟ್ಟುವವರ ಕಾಲಮ್ಮು ಮೊದಲಿನಂತೆಯೇ ಇತ್ತು. ಜ್ವರದ ಭಯ ಕಡಿಮೆಯಾದ ಮೇಲೆ ಕಾಫಿ ತೋಟಗಳ ಕೆಲಸಕ್ಕೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಜನ ಬಂದರು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿ ರಬ್ಬರು, ಕಾಳುಮೆಣಸು ಬೆಳೆದವರಿದ್ದಾರೆ. ಅದೇ ತಾಲ್ಲೂಕಿನಲ್ಲಿ ಭದ್ರಾ ಜಲಾಶಯದ ಹಿನ್ನೀರಿಗೆ ಗದ್ದೆ ತೋಟ ಬಿಟ್ಟುಕೊಟ್ಟು ಎದ್ದು ಹೋದವರೂ ಇದ್ದಾರೆ. 43ರ ಬೆಳವಣಿಗೆಯ ಹಿಂದೆ ಇಷ್ಟೆಲ್ಲ ಇತ್ತು. ಅದು ಬರಿಯ ಹೆರಿಗೆಯ ಲೆಕ್ಕವಲ್ಲ.

ಇನ್ನು 2001ರಿಂದ 2011ರ ಇಳಿಕೆ. ಹುಟ್ಟುವವರು ಕಡಿಮೆಯಾದರು, ಹೋದವರು ಹೆಚ್ಚಿದರು. ಓದಿದ ಮಕ್ಕಳು ಬೆಂಗಳೂರು, ಮಂಗಳೂರು ಸೇರಿದರು. ಆಗ ನೆರೆಯ ಮೂಡಿಗೆರೆ ತಾಲ್ಲೂಕಿನಲ್ಲಿದ್ದ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತು, ತುಂಬಿದ್ದ ಊರು ಬಹುಮಟ್ಟಿಗೆ ಬರಿದಾಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು ಗೊತ್ತುಪಡಿಸಿ 2025ರಲ್ಲಿ ಅಧಿಸೂಚನೆ ಹೊರಟಿದೆ. ಎಣಿಕೆಯವರು ಮನೆಗೆ ಬಂದಾಗ ವಯಸ್ಸನ್ನು ಅಂದಾಜಿನಲ್ಲಿ ಹೇಳದೆ ಸರಿಯಾಗಿ ಹೇಳಿರಿ. ನಿಮ್ಮ ಮೊಮ್ಮಕ್ಕಳು ಹಾಳೆಯಲ್ಲಿ ಬರೆಯುವ ಅಂಕಿ ಅದೇ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲೊಬ್ಬರು ಕೇಳಬಹುದು: "ನಮ್ಮ ಕಡೆ ಜನ ಕಡಿಮೆಯಾಗುತ್ತಿದ್ದಾರೆ, ಕೊನೆ ಕೊಯ್ಲಿಗೆ ಆಳು ಸಿಗುವುದಿಲ್ಲ, ದೊಡ್ಡ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಉಳಿದಿದ್ದಾರೆ, ಹೀಗಿರುವಾಗ ಕುಟುಂಬ ಯೋಜನೆ ಯಾತಕ್ಕೆ?" ಪ್ರಶ್ನೆ ನ್ಯಾಯವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು ಎಂದು ಕಂಡುಬಂದಿದೆ. ತಲೆಮಾರು ತಲೆಮಾರಿಗೆ ಸಮವಾಗಿ ನಿಲ್ಲಬೇಕಾದರೆ ಬೇಕಾಗುವುದು ಸುಮಾರು 2.1. ಈ ಅಂಕಿಯನ್ನು ಹಿಡಿದು ಹೆಚ್ಚು ಮಕ್ಕಳನ್ನು ಹೆರಿರೆಂದು ಉಪದೇಶಿಸುವವರೂ ಈಗ ಕಾಣಿಸಿಕೊಂಡಿದ್ದಾರೆ. ಹಿಂದೆ ದೇಶಕ್ಕಾಗಿ ಕಡಿಮೆ ಹೆರಿ ಎಂದರು, ಈಗ ಸೀಮೆಗಾಗಿ ಹೆಚ್ಚು ಹೆರಿ ಎನ್ನುತ್ತಾರೆ. ಹೆರುವವಳನ್ನು ಕೇಳಿದವರು ಆಗಲೂ ಕಡಿಮೆ, ಈಗಲೂ ಕಡಿಮೆ. ವೈದ್ಯನಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತಾಲ್ಲೂಕಿನ ಅಂಕಿಯನ್ನು ಸರಿಪಡಿಸಲು ಯಾವ ಹೆಣ್ಣುಮಗಳೂ ಬಸುರಿಯಾಗಬೇಕಾಗಿಲ್ಲ, ಯಾವ ಹೆಣ್ಣುಮಗಳೂ ಆಪರೇಷನ್ ಮಾಡಿಸಿಕೊಳ್ಳಬೇಕಾಗಿಯೂ ಇಲ್ಲ.

ಅಂಕಿಗಾಗಿ ಮನುಷ್ಯರನ್ನು ಹಿಡಿದರೆ ಏನಾಗುವುದೆಂಬುದನ್ನು ದೇಶವು 1975ರಿಂದ 1977ರ ಅವಧಿಯಲ್ಲಿ ಕಂಡಿದೆ. ಆಗ ಕೆಲವು ಪ್ರಾಂತ್ಯಗಳಲ್ಲಿ ಗುರಿ ಮುಟ್ಟಿಸಲು ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದುವು. 1977ರಲ್ಲಿ "ಕುಟುಂಬ ಯೋಜನೆ" ಎಂಬ ಹೆಸರು "ಕುಟುಂಬ ಕಲ್ಯಾಣ"ವಾಯಿತು. 1996ರಲ್ಲಿ ಮೇಲಿನಿಂದ ಗುರಿ ಗೊತ್ತುಪಡಿಸುವ ಪದ್ಧತಿಯನ್ನು ಕೈಬಿಡಲಾಯಿತು. ನಮ್ಮ ನಾಡಿನ ಪರಂಪರೆಯಾದರೋ ಬೇರೆ. 1930ರಲ್ಲಿಯೇ ಮೈಸೂರು ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಅವನ್ನು ಎಣಿಸುತ್ತಾರೆ. ನಮ್ಮ ಜಿಲ್ಲೆ ಆಗ ಕಡೂರು ಜಿಲ್ಲೆ ಎಂಬ ಹೆಸರಿನಲ್ಲಿ ಅದೇ ಸಂಸ್ಥಾನದಲ್ಲಿತ್ತು.

ಆದುದರಿಂದ ಜಿಲ್ಲೆಯ ಹಾಳೆಯನ್ನು ಬದಿಗಿಟ್ಟು, ನಿಮ್ಮ ಸಂಸಾರಕ್ಕೆ ಹತ್ತಿರವಾದ ಬೇರೊಂದು ಹಾಳೆಯನ್ನು ತೆರೆಯೋಣ. ಎರಡು ಊರುಗಳಿವೆ ಎಂದು ಕಲ್ಪಿಸಿಕೊಳ್ಳಿ. ಎರಡರಲ್ಲಿಯೂ ಪ್ರತಿಯೊಂದು ದಂಪತಿಗೆ ಎರಡೇ ಮಕ್ಕಳು. ಪ್ರತಿಯೊಂದು ತಲೆಮಾರಿನಲ್ಲಿ 200 ಜನ. ಎಲ್ಲರೂ 75 ವರ್ಷ ಬಾಳುತ್ತಾರೆ, ಯಾರೂ ಊರು ಬಿಡುವುದಿಲ್ಲ. ಒಂದೇ ಒಂದು ವ್ಯತ್ಯಾಸ: ಮೇಲಿನೂರಿನಲ್ಲಿ ಹೆಣ್ಣುಮಕ್ಕಳು ಸರಾಸರಿ 20ನೆಯ ವಯಸ್ಸಿನಲ್ಲಿ ಹೆರುತ್ತಾರೆ, ಕೆಳಗಿನೂರಿನಲ್ಲಿ ಸರಾಸರಿ 25ನೆಯ ವಯಸ್ಸಿನಲ್ಲಿ. ಮೇಲಿನೂರಿನಲ್ಲಿ 200 ಮಕ್ಕಳು 20 ವರ್ಷಗಳಲ್ಲಿ ಹುಟ್ಟುವುದರಿಂದ ವರ್ಷಕ್ಕೆ 10 ತೊಟ್ಟಿಲು. ಕೆಳಗಿನೂರಿನಲ್ಲಿ ವರ್ಷಕ್ಕೆ 8. ಇವನ್ನು 75 ವರ್ಷದ ಬಾಳಿನಿಂದ ಗುಣಿಸಿರಿ. ಮೇಲಿನೂರಿನಲ್ಲಿ 750 ಜನ, ಕೆಳಗಿನೂರಿನಲ್ಲಿ 600 ಜನ. ಮಕ್ಕಳ ಸಂಖ್ಯೆ ಎರಡೂ ಊರಿನಲ್ಲಿ ಒಂದೇ. ಆದರೂ 150 ಜನರ ಅಂತರ.

ಎಷ್ಟು ಮಕ್ಕಳು ಎಂಬ ಪ್ರಶ್ನೆಯನ್ನು ನಮ್ಮ ಇಲಾಖೆ ಬಹುಕಾಲ ಕೇಳಿದೆ. ಯಾವಾಗ ಎಂಬ ಪ್ರಶ್ನೆಗೆ ಅಷ್ಟು ಮಹತ್ವ ಸಿಕ್ಕಿಲ್ಲವೆಂದೇ ನನ್ನ ಭಾವನೆ. ಊರಿನ ಲೆಕ್ಕವನ್ನು ಬಿಡಿ. ಕೆಳಗಿನೂರಿನ ತಾಯಿಗೆ ಸಿಕ್ಕ ಆ ಐದು ವರ್ಷಗಳನ್ನು ಯೋಚಿಸಿ ನೋಡಿ. ಪಿ.ಯು.ಸಿ. ಮುಗಿಸಲು, ಒಂದು ಕಸುಬು ಕಲಿಯಲು, ಮೈಯಲ್ಲಿ ರಕ್ತ ತುಂಬಿಕೊಳ್ಳಲು ಸಿಕ್ಕ ಕಾಲ ಅದು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರವೇ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆಯಿದೆ. 20ರಿಂದ 24 ವರ್ಷದವರಲ್ಲಿ ಐವರಿಗೆ ಒಬ್ಬರು 18 ತುಂಬುವ ಮೊದಲೇ ಮದುವೆಯಾದವರು. ಕಾನೂನು ಹೆಣ್ಣಿಗೆ 18, ಗಂಡಿಗೆ 21 ಎಂದು ಹೇಳುತ್ತದೆ. ಅದು ಮದುವೆಯ ಕನಿಷ್ಠ ವಯಸ್ಸು. 18ಕ್ಕೇ ಮದುವೆ ಮಾಡಿ ವರ್ಷ ತುಂಬುವುದರೊಳಗೆ ತೊಟ್ಟಿಲು ಕಟ್ಟಲೇಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಮದುವೆಯಾದ ಮರುವರ್ಷ "ಇನ್ನೂ ಏನೂ ಇಲ್ಲವೇ?" ಎಂದು ಸೊಸೆಯನ್ನು ಕೇಳುವ ಅತ್ತೆಯಂದಿರೂ ನೆರೆಹೊರೆಯವರೂ ಈ ಮಾತನ್ನು ಗಮನಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಮೊದಲನೆಯ ಮಗುವಿನ ನಂತರದ ಅಂತರವೂ ಹೀಗೆಯೇ. ಅಡಿಕೆ ಸಸಿ ನೆಡುವಾಗ ಒಂಬತ್ತು ಅಡಿ ಬಿಡುತ್ತೀರಿ. ಒತ್ತಾಗಿ ನೆಟ್ಟರೆ ಎರಡೂ ಸೊರಗುತ್ತವೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಕಳೆದ ಬಳಿಕವೇ ಮತ್ತೆ ಗರ್ಭ ನಿಲ್ಲುವುದು ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗ ಎರಡು ಮಕ್ಕಳ ನಡುವೆ ಸುಮಾರು ಮೂರು ವರ್ಷ ಬೀಳುತ್ತದೆ. ತಾಯಿಯ ಹಾಲು, ತಾಯಿಯ ಬಲ, ಮೊದಲ ಮಗುವಿನ ತೂಕ ಈ ಮೂರೂ ಆ ಅಂತರವನ್ನು ಅವಲಂಬಿಸಿವೆ.

ಹಾಳೆಯ ಇನ್ನೊಂದು ಲೆಕ್ಕವನ್ನು ಹೇಳದೆ ಬಿಡಲಾರೆ. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಮಾತು ನಮ್ಮಲ್ಲಿ ಹಳೆಯದು. ಆರತಿಯವಳು ಬೇಗ ಬಂದು ಕೀರ್ತಿಯವನು ತಡವಾದರೆ ಏನು ಮಾಡುತ್ತೀರಿ? ನೂರು ದಂಪತಿಗಳು ಗಂಡು ಹುಟ್ಟುವವರೆಗೂ ನಿಲ್ಲಿಸುವುದಿಲ್ಲವೆಂದು ಹಟ ಹಿಡಿದರೆಂದು ಬರೆಯಿರಿ. ಹೆಣ್ಣು ಗಂಡು ಸರಿಸಮವಾಗಿ ಹುಟ್ಟುತ್ತವೆಂದು ಹಿಡಿದರೆ, 50 ಮನೆಗಳಲ್ಲಿ ಮೊದಲನೆಯದೇ ಗಂಡು. ಉಳಿದ 50ರಲ್ಲಿ 25 ಮನೆಗಳಿಗೆ ಎರಡನೆಯದು ಗಂಡು. ಉಳಿದ 25ರಲ್ಲಿ ಸುಮಾರು ಅರ್ಧಕ್ಕೆ ಮೂರನೆಯದು. ಇನ್ನೂ ಹನ್ನೆರಡು ಹದಿಮೂರು ಮನೆಗಳಲ್ಲಿ ಮೂರು ಹೆಣ್ಣುಮಕ್ಕಳಾಗಿ, ತಾಯಿಯು ನಾಲ್ಕನೆಯ ಬಸಿರನ್ನು ಹೊರುತ್ತಾಳೆ. ಇಷ್ಟಾದರೂ ಊರಿನಲ್ಲಿ ಒಟ್ಟು ಹುಟ್ಟಿದ ಗಂಡು ಹೆಣ್ಣುಗಳ ಪ್ರಮಾಣ ಸಮವಾಗಿಯೇ ಉಳಿಯುತ್ತದೆ. ಹಟದಿಂದ ಗಂಡುಗಳ ಪ್ರಮಾಣ ಏನೂ ಏರುವುದಿಲ್ಲ. ಏರುವುದು ಆ ಹನ್ನೆರಡು ತಾಯಂದಿರ ಬವಣೆ ಮಾತ್ರ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಣಯವಾಗುವುದರಿಂದ ಹೆಂಡತಿಯನ್ನು ದೂರುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ. ಗರ್ಭದಲ್ಲಿಯೇ ಲಿಂಗವನ್ನು ಪತ್ತೆ ಮಾಡಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ.

ಇಲ್ಲಿ ಉಪಾಧ್ಯಾಯರಿಗೂ ಒಂದು ಮಾತು. ಜನಸಂಖ್ಯೆಯ ಪಾಠ ಮಾಡುವಾಗ ಮೂರನೆಯ ಮಗುವಾಗಿ ಹುಟ್ಟಿದ ಬಾಲಕಿಯೊಬ್ಬಳು ಆ ತರಗತಿಯಲ್ಲಿ ಕುಳಿತಿರುತ್ತಾಳೆ. ಹಾಳೆಯ ಮೇಲೆ ಸಂಖ್ಯೆ ಉಕ್ಕಿ ಹೋಗುವುದನ್ನು ತೋರಿಸಿ "ನೋಡಿ, ಇದು ದೇಶಕ್ಕೆ ಭಾರ" ಎಂದರೆ, ತಾನೇ ಆ ಭಾರವೆಂದು ಆ ಮಗು ತಿಳಿಯುತ್ತದೆ. ಮನೆಗೆ ಬಂದು "ನಾನು ಹೆಚ್ಚಿನವಳೇ?" ಎಂದು ಅಮ್ಮನನ್ನು ಕೇಳುವ ಸ್ಥಿತಿ ಯಾವ ಮಗುವಿಗೂ ಬರಬಾರದು. ಹುಟ್ಟಿದ ಮಗುವಿನ ಬಗ್ಗೆ ಲೆಕ್ಕವಿಲ್ಲ. ಲೆಕ್ಕವೆಲ್ಲ ಇನ್ನೂ ಬರಬೇಕಾದುದರ ಬಗ್ಗೆ, ಅದೂ ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡತಕ್ಕದ್ದು.

ಕೂಡಿ ಎಂದೆ. ಆದರೆ ನಮ್ಮ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆ ನೂರಕ್ಕೆ ಒಂದೂ ಇಲ್ಲ. ಹೆತ್ತವಳೂ ಅವಳೇ, ಹೊಟ್ಟೆ ಕೊಯ್ಸಿಕೊಳ್ಳುವವಳೂ ಅವಳೇ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಅಂತರವಿಡಲು ಆಪರೇಷನ್ನೇ ಬೇಕೆಂದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಸಾಧನಗಳು ಹಲವಿವೆ. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲಿಯೇ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಒಂದು ಬಗೆಯದು ಐದು ವರ್ಷ, ಇನ್ನೊಂದು ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆಂದಾಗ ತೆಗೆಸಬಹುದು. ಅಂತರಾ ಎಂಬ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಇದರಿಂದ ಮುಟ್ಟು ಏರುಪೇರಾಗುವುದುಂಟು, ಕೆಲವರಿಗೆ ನಿಂತೂ ಹೋಗುವುದುಂಟು, ಹೆದರಬೇಕಾಗಿಲ್ಲ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು ಸಲ ಗೊತ್ತಾದ ದಿನದಂದು ನುಂಗಬೇಕು. ಹಾಲೂಡಿಸುವ ತಾಯಿಗೂ ಇದು ಆಗುತ್ತದೆ. ಮಾಲಾ-ಎನ್ ದಿನಕ್ಕೊಂದು ಮಾತ್ರೆ. ಮಗುವಿಗೆ ಆರು ತಿಂಗಳಾಗುವವರೆಗೆ ಹಾಲೂಡಿಸುವವರು ಇದನ್ನು ತೆಗೆದುಕೊಳ್ಳತಕ್ಕದ್ದಲ್ಲ. ನಿರೋಧ್ ಎಲ್ಲರಿಗೂ ತಿಳಿದದ್ದೇ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಪರೀಕ್ಷಿಸಿ ಹೇಳಬೇಕಾಗುವುದರಿಂದ ಪಕ್ಕದ ಮನೆಯವಳ ಮಾತ್ರೆಯನ್ನು ಕಡ ತಂದು ನುಂಗಬೇಡಿರಿ. ಕೇಂದ್ರಕ್ಕೆ ಬರಲು ಸಂಕೋಚವಾದರೆ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯೊಡನೆ ಮಾತನಾಡಿರಿ.

ಇನ್ನು ಮಕ್ಕಳು ಸಾಕೆಂದು ಇಬ್ಬರೂ ನಿಶ್ಚಯಿಸಿದವರಲ್ಲಿ ಗಂಡಸರಿಗೆ ಹೇಳುವುದಿಷ್ಟು. ಚಾಕು ಬಳಸದ ವ್ಯಾಸೆಕ್ಟಮಿ ಎಂಬ ಚಿಕಿತ್ಸೆಯಲ್ಲಿ ಹೊಲಿಗೆ ಇಲ್ಲ, ಆ ಭಾಗಕ್ಕೆ ಮಾತ್ರ ಮರವುಮದ್ದು ಕೊಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಗಂಡಸುತನಕ್ಕಾಗಲಿ ಮೈಬಲಕ್ಕಾಗಲಿ ಇದರಿಂದ ಕುಂದಿಲ್ಲ. ಬೀಜಗಳನ್ನು ತೆಗೆಯುವುದಿಲ್ಲ, ವೀರ್ಯಾಣು ಹೊರಬರುವ ನಾಳವನ್ನು ಮಾತ್ರ ಕಟ್ಟುತ್ತಾರೆ. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು, ಅಡಿಕೆ ಮರ ಏರುವವರು ಮರ ಏರಬಾರದು. ಕೊಯ್ಲಿನ ಕಾಲವನ್ನು ತಪ್ಪಿಸಿ ಬಂದರೆ ಕೂಲಿಯೂ ಹೋಗುವುದಿಲ್ಲ. ಚಿಕಿತ್ಸೆಯಾದ ಕೂಡಲೇ ಫಲ ಸಿಕ್ಕುವುದಿಲ್ಲವೆಂಬುದನ್ನು ಮರೆಯಬೇಡಿ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಮೂರು ತಿಂಗಳಾದ ಮೇಲೆ ಆಸ್ಪತ್ರೆಗೆ ಬಂದು ವೀರ್ಯ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಸರಿಯಾಗಿದೆ ಎಂದು ಬರೆದುಕೊಡುವವರೆಗೆ ನಿರೋಧ್ ಬಳಸತಕ್ಕದ್ದು.